ಬೆರಳು ಕತ್ತರಿಸದೆ ಮೂಳೆಯ ಸೋಂಕು ವಾಸಿ ಮಾಡಿದ್ದು

ಶುಗರ್ ಇರುವವರ ಕಾಲಿನ ಮೂಳೆಗೆ ಸೋಂಕು ಇಳಿದಿದ್ದರೆ ಬೆರಳು ತೆಗೆದುಬಿಡಿ, ಮಡಿಕೇರಿಯಲ್ಲಿ ಕೂತು ಇನ್ನೇನು ಮಾಡ್ತೀರಿ ಎಂದು ಮೈಸೂರಿನ ಡಾಕ್ಟರ್ ಗೆಳೆಯರು ನಗುತ್ತಿದ್ದರು. ಈಗ ಅವರೇ ಎಕ್ಸ್‌ರೇ ವಾಟ್ಸಾಪ್ ಮಾಡಿ ನನ್ನನ್ನು ಕೇಳುತ್ತಾರೆ.

ಎಂಆರ್‌ಐಗೆ ಮೈಸೂರಿಗೆ ಕಳಿಸಿದರೆ ಸ್ಕ್ಯಾನಿಗೇ ಏಳೆಂಟು ಸಾವಿರ. ಜೊತೆಗೆ ಗಾಡಿ ಬಾಡಿಗೆ, ಹೋದ ಕೂಲಿ. ತೋಟದ ಲೈನ್ ಮನೆಯಲ್ಲಿರುವ ಕೂಲಿಯವರಿಗೆ ಇಷ್ಟು ಹೇಳಿದರೆ ಅವರು ಮತ್ತೆ ಬರುವುದು ಬೆರಳು ಕಪ್ಪಾದ ಮೇಲೆಯೇ. ಹಾಗಾಗಿ ನನ್ನ ಬಂಡವಾಳ ಪ್ರೋಬ್ (ಗಾಯದೊಳಗೆ ಹಾಕಿ ನೋಡುವ ಮೊಂಡು ಲೋಹದ ಕಡ್ಡಿ), ಇಎಸ್‌ಆರ್ (ಉರಿಯೂತ ತೋರಿಸುವ ರಕ್ತಪರೀಕ್ಷೆ), ಎಕ್ಸ್‌ರೇ ಅಷ್ಟೇ. ಪ್ರೋಬ್ ಮೂಳೆಗೆ ಟಕ್ ಎಂದು ತಾಗಿ, ಇಎಸ್‌ಆರ್ 70 ದಾಟಿದ್ದರೆ ಸೋಂಕು ಎಂದೇ ಹಿಡಿಯುತ್ತೇನೆ. ಮೊದಲ ಎಕ್ಸ್‌ರೇ ಚೆನ್ನಾಗಿದೆ ಅಂತ ಸುಮ್ನಿರಬೇಡಿ. ಎರಡು ಮೂರು ವಾರ ಬಿಟ್ಟು ಇನ್ನೊಂದು ತೆಗೆಸಿ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ.

ಜಾಸ್ತಿ ದುಡ್ಡು ಪೋಲಾಗುವುದು ಸ್ವ್ಯಾಬ್ ಕಲ್ಚರ್‌ನಿಂದ, ಅಂದರೆ ಗಾಯದ ಮೇಲಿನ ಕೀವನ್ನು ಹತ್ತಿಕಡ್ಡಿಯಲ್ಲಿ ತೆಗೆದು ಲ್ಯಾಬಲ್ಲಿ ರೋಗಾಣು ಬೆಳೆಸಿ ನೋಡುವುದರಿಂದ. ಮೇಲಿನ ಕೀವಿನಲ್ಲಿ ಬೆಳೆಯುವುದೇ ಒಂದು, ಮೂಳೆಯೊಳಗೆ ಇರುವುದೇ ಇನ್ನೊಂದು. ರೋಗಿ ಗಟ್ಟಿಯಾಗಿದ್ದರೆ ಆಂಟಿಬಯಾಟಿಕ್ ಎರಡು ವಾರ ನಿಲ್ಲಿಸಿ, ಗಾಯದ ಪಕ್ಕದ ಒಳ್ಳೆಯ ಚರ್ಮದ ಮೂಲಕ ಬೋನ್ ಮ್ಯಾರೋ ಸೂಜಿ ಹಾಕಿ ಮೂಳೆಯ ಚೂರು ತೆಗೆಯುತ್ತೇನೆ. ಅರ್ಧ ಕಲ್ಚರ್‌ಗೆ, ಅರ್ಧ ಪ್ಯಾಥಾಲಜಿಗೆ. ಮಳೆಗಾಲದಲ್ಲೂ ಅದು ಅದೇ ದಿನ ಲ್ಯಾಬ್ ಮುಟ್ಟುತ್ತದೆ. ಯಾರ ಕೈಲಿ ಕಳಿಸುತ್ತೇನೆ ಅನ್ನುವುದು ನನ್ನಲ್ಲೇ ಇರಲಿ!

ಆಮೇಲೆ ಆರು ವಾರ ಆಂಟಿಬಯಾಟಿಕ್ ಮಾತ್ರೆ. ಮಾತ್ರೆಯಲ್ಲಿ ಮೂಳೆ ವಾಸಿಯಾಗುತ್ತಾ ಅಂದವರಿಗೆ 2019ರ ಓವಿವಾ ಟ್ರಯಲ್ ತೋರಿಸಿದೆ. ಮೂಳೆ, ಕೀಲು ಸೋಂಕಿನ ಸಾವಿರಕ್ಕೂ ಮಿಕ್ಕಿ ರೋಗಿಗಳು, ಮಾತ್ರೆ ಇಂಜೆಕ್ಷನ್‌ಗಿಂತ ಕಡಿಮೆ ಬೀಳಲಿಲ್ಲ. ಟಿಬಿ ಇಲ್ಲ ಅಂತ ಖಾತ್ರಿಯಾಗದೆ ಟಿಬಿಗೂ ಕೊಡುವ ರಿಫಾಂಪಿಸಿನ್ ಮುಟ್ಟಬೇಡಿ. ಲಿನೆಜೋಲಿಡ್ ಎಂಬ ಆಂಟಿಬಯಾಟಿಕ್ ಕೊಟ್ಟರೆ ವಾರಕ್ಕೊಮ್ಮೆ ರಕ್ತಕಣಗಳ ಎಣಿಕೆ ನೋಡಿ. ಪಾದದ ನಾಡಿ ಸಿಗದವರನ್ನು, ಕೀವಿನ ಜೊತೆ ಜ್ವರ ಇರುವವರನ್ನು ನಾನು ಇಟ್ಟುಕೊಳ್ಳುವುದಿಲ್ಲ. ಅವತ್ತೇ ಮೈಸೂರು.

ಸೋತಿದ್ದೆಲ್ಲ ಪಾದದ ಮೇಲಿನ ಭಾರ ಇಳಿಸುವುದರಲ್ಲಿ. ಅದಕ್ಕೆ ಕಾಲಿಗೆ ಹಾಕುವ ಪ್ಲಾಸ್ಟರ್ ಜೂನ್, ಜುಲೈನಲ್ಲಿ ಇಲ್ಲಿ ಒಣಗುವುದೇ ಇಲ್ಲ, ವಾಸನೆ ಬೇರೆ. ಒಬ್ಬರ ಪ್ಲಾಸ್ಟರ್ ಒಳಗೆ ಜಿಗಣೆ ಸೇರಿತ್ತು. ಕಾಲಿಗೆ ಸ್ಪರ್ಶವಿಲ್ಲ, ರಕ್ತ ಸೋರಿದ ಮೇಲೇ ಗೊತ್ತಾಗಿದ್ದು. ಫೈಬರ್‌ಗ್ಲಾಸ್ ಗಟ್ಟಿ, ಆದರೆ ಬದಲಿಸಿದಾಗಲೆಲ್ಲ ಎರಡು ಸಾವಿರದ ಹತ್ತಿರ. ಕೊನೆಗೆ ಕೈ ಹಿಡಿದಿದ್ದು ಅಂಗಾಲಿಗೆ ಅಂಟಿಸುವ, ಗಾಯದ ಜಾಗ ಬಿಟ್ಟು ಕತ್ತರಿಸಿದ ಫೆಲ್ಟ್ (ಒತ್ತಿದ ದಪ್ಪ ಉಣ್ಣೆಯಂಥ ಬಟ್ಟೆ) ಮತ್ತು ಎಂಸಿಆರ್ ಎಂಬ ಮೆತ್ತನೆಯ ರಬ್ಬರಿನ ಚಪ್ಪಲಿ. ಗಮ್‌ಬೂಟ್ ಬಂದ್. ಫೆಲ್ಟ್ ಕತ್ತರಿಸುವ ಅಳತೆ ಬೇಕಿದ್ದರೆ ಬಂದು ನೋಡಿ, ಬರೆದರೆ ಅರ್ಥವಾಗದು. ತೋಟದಲ್ಲಿ ಕೆಲಸ ಹಂಚುವ ರೈಟರ್‌ಗೆ ಫೋನ್ ಮಾಡಿ ಕಾಳುಮೆಣಸು ಆರಿಸುವಂಥ ಕೂತು ಮಾಡುವ ಕೆಲಸ ಕೊಡಿಸುತ್ತೇನೆ. ನನ್ನ ಪ್ರಕಾರ ಆಂಟಿಬಯಾಟಿಕ್‌ನಷ್ಟೇ ಕೆಲಸ ಮಾಡಿದ್ದು ಆ ಫೋನ್.

ನಡುವೆ ಕ್ಯಾಲ್ಸಿಯಂ ಸಲ್ಫೇಟ್ ಮಣಿಗೆ ವ್ಯಾಂಕೋಮೈಸಿನ್ ಎಂಬ ಆಂಟಿಬಯಾಟಿಕ್ ಬೆರೆಸಿ ಗಾಯದೊಳಗೆ ತುಂಬಿಯೂ ನೋಡಿದೆ. ವಾರಗಟ್ಟಲೆ ಬಿಳಿ ನೀರು ಸೋರಿ ಮನೆಯವರು ಹೆದರಿದರು, ಬಿಲ್ಲೂ ಏರಿತು, ಬಿಟ್ಟೆ. ಬಾಗಿದ ಬೆರಳ ತುದಿಯ ಹುಣ್ಣಿಗೆ ಮಾತ್ರ ಸೂಜಿಯಲ್ಲೇ ಫ್ಲೆಕ್ಸರ್ ಟೆಂಡನ್ (ಬೆರಳನ್ನು ಬಾಗಿಸುವ ಸ್ನಾಯುರಜ್ಜು) ಕತ್ತರಿಸುವುದು ಭಲೇ ಕೆಲಸ. ಓಪಿಡಿಯಲ್ಲೇ ಮುಗಿಯುತ್ತದೆ, ಖರ್ಚೂ ಇಲ್ಲ.

ಒಟ್ಟು ಖರ್ಚು ತಲೆಗೆ ಹತ್ತು ಹನ್ನೆರಡು ಸಾವಿರ. ಹತ್ತರಲ್ಲಿ ಏಳೆಂಟು ಮಂದಿಯ ಬೆರಳು ಉಳಿದಿದೆ. ಮಾತ್ರೆ ನಿಲ್ಲಿಸಿ ಆರು ತಿಂಗಳು ಕಳೆಯದವರನ್ನು ಈ ಲೆಕ್ಕಕ್ಕೆ ಹಿಡಿದಿಲ್ಲ.