ಉಲಿಯಕ್ಕಿಗೆ ಕಾಲುಂಗುರ

ಹೋದ ಅಕ್ಟೋಬರಿನಲ್ಲಿ ಹಿಡಿದು, ಗುರುತಿಗೆ ಕಾಲಿಗೆ ನಂಬರಿನ ಉಂಗುರ ತೊಡಿಸಿ ಬಿಟ್ಟಿದ್ದ ಬ್ಲಿತ್ಸ್ ರೀಡ್ ವಾರ್ಬ್ಲರ್ ಎಂಬ ವಲಸೆಯ ಉಲಿಯಕ್ಕಿ ಈ ಸಲ ಅದೇ ಲಂಟಾನ ಪೊದೆಯ ಪಕ್ಕ, ಅದೇ ಬಲೆಗೆ ಬಿತ್ತು. ನಂಬರನ್ನು ಮೂರು ಸಲ ಓದಿದೆ. ತೂಕ ಹನ್ನೊಂದು ಗ್ರಾಂ. ರಷ್ಯಾ, ಕಜಕಸ್ತಾನದ ಕಡೆ ಎಲ್ಲೋ ಬೇಸಿಗೆ ಕಳೆದು, ಬೆಂಗಳೂರಿನ ಅದೇ ಪೊದೆಗೆ ವಾಪಸ್! "ಊರಲ್ಲಿ ಬಲೆ ಕಟ್ಟಿದರೆ ಪಿಕಳಾರ ಬಿಟ್ಟು ಏನೂ ಸಿಗಲ್ಲ" ಎಂದಿದ್ದ ಗೆಳೆಯರಿಗೆ ಅಲ್ಲಿಂದಲೇ ಫೋಟೋ ಕಳಿಸಿದೆ.

ಅವರು ಹೇಳಿದ್ದರಲ್ಲೂ ಸುಳ್ಳಿರಲಿಲ್ಲ. ಹಕ್ಕಿಗೆ ಉಂಗುರ ತೊಡಿಸುವ ಪರವಾನಗಿ ಸಿಕ್ಕ ಮೊದಲ ವರ್ಷ ಹೆಸರಘಟ್ಟದ ಬಯಲಿನಂಚಿನಲ್ಲಿ ನಾಲ್ಕು ಬಲೆ ಕಟ್ಟಿದೆ. ಗಾಳಿಗೆ ಬಲೆ ಸೀರೆಯಂತೆ ಉಬ್ಬುತ್ತಿತ್ತು. ಹಕ್ಕಿಗಳು ನೋಡಿ ಮೇಲಿಂದ ಹಾರಿಹೋಗುತ್ತಿದ್ದವು. ಹತ್ತು ಹನ್ನೆರಡು ಬೆಳಗಿಗೆ ನಲವತ್ತರಷ್ಟು ಹಕ್ಕಿ, ಅದರಲ್ಲಿ ವಲಸೆಯವು ಮೂರೇ. ಉಳಿದದ್ದು ಹೆಚ್ಚಾಗಿ ಪಿಕಳಾರ. ಬೆರಳು ಕಚ್ಚಿಸಿಕೊಂಡದ್ದೇ ಲಾಭ. ಒಂದು ಬಲೆಗೆ ಹಸು ನುಗ್ಗಿತು. ಸುಮಾರು ಏಳು ಸಾವಿರ ರೂಪಾಯಿ ಕಣ್ಣೆದುರೇ ಹರಿಯಿತು. ಮನೆಯಲ್ಲಿ ಐದು ಅಂತ ಹೇಳಿದ್ದೇನೆ. ಇನ್ನೊಂದು ನಾಚಿಕೆ: ನೋಡಲು ಬ್ಲಿತ್ಸ್ ಹಾಗೇ ಇರುವ ಪ್ಯಾಡಿಫೀಲ್ಡ್ ವಾರ್ಬ್ಲರ್ ಅಂತ ಬರೆದುಕೊಂಡಿದ್ದ ಎರಡು ಹಕ್ಕಿ, ಆಮೇಲೆ ಫೋಟೋದಲ್ಲಿ ರೆಕ್ಕೆಯ ಗರಿಗಳ ಉದ್ದ ಹೋಲಿಸಿದಾಗ ಬ್ಲಿತ್ಸ್ ಆಗಿದ್ದವು.

ಮರುವರ್ಷ ಬಯಲು ಬಿಟ್ಟು ಒಂದು ಕೆರೆಯ ಹಿಂದಿನ ಪೊದೆಗೆ ಬಂದೆ. ಯಾವ ಕೆರೆ ಅಂತ ಕೇಳಬೇಡಿ. ಹನ್ನೆರಡು ಮೀಟರಿನ ಬಲೆ ಬದಲು ಆರು ಮೀಟರಿನವು, ಕೆಳಗಿನ ಜೇಬು (ಹಕ್ಕಿ ಬಿದ್ದು ಕೂರುವ ಬಲೆಯ ಮಡಿಕೆ) ನೆಲದಿಂದ ಒಂದು ಮೊಳ ಮೇಲೆ. ಅದಕ್ಕಿಂತ ಇಳಿಸಿದರೆ ಮುಂಗುಸಿ ಕಾಟ. ಐದೂಮುಕ್ಕಾಲಿಗೆ ಬಿಚ್ಚಿ, ಒಂಬತ್ತಕ್ಕೆ ಸುತ್ತಿಡುತ್ತೇನೆ. ಬಲೆ ನೋಡಿ ಬರಲು ಇಪ್ಪತ್ತು ನಿಮಿಷಕ್ಕೊಂದು ಸುತ್ತು. ಪೊದೆಯ ಯಾವ ಬದಿಗೆ ಕಟ್ಟಬೇಕು ಅನ್ನುವುದರಲ್ಲೇ ಎಲ್ಲ ಇದೆ. ಅದನ್ನು ಮಾತ್ರ ಹೇಳುವುದಿಲ್ಲ. ಪಿತೃಪಕ್ಷದಿಂದ ದೀಪಾವಳಿವರೆಗೆ, ಹಿಂಗಾರು ಮಳೆ ನುಂಗಿದ ದಿನ ಬಿಟ್ಟು, ಅರವತ್ತು ಚಿಲ್ಲರೆ ವಲಸೆ ಹಕ್ಕಿ ಸಿಕ್ಕವು. ಗ್ರೀನಿಶ್ ವಾರ್ಬ್ಲರೇ ಜಾಸ್ತಿ.

ನಡುವೆ ಹಕ್ಕಿಗಳನ್ನು ಸೆಳೆಯಲು ಮಡಕೆಗೆ ತೂತು ಮಾಡಿ ನೀರು ತೊಟ್ಟಿಕ್ಕಿಸಿ ನೋಡಿದೆ. ಬಂದದ್ದು ಸೂರಕ್ಕಿ, ಮತ್ತೆ ಪಿಕಳಾರ! ಬಲೆ ಕಟ್ಟುವ ಬಿದಿರಿನ ಗಳಕ್ಕೆ ಹಸಿರು ಬಣ್ಣ ಬಳಿದದ್ದಂತೂ ಸುಮ್ನೆ ಮುನ್ನೂರು ರೂಪಾಯಿ ದಂಡ.

ಬೆಳಗಿನ ವಾಕಿಂಗಿಗೆ ಬರುವ ಒಬ್ಬರು ಅಮ್ಮ ಮೊದಲ ದಿನ ಉಂಗುರ ಬಿಗಿಸುವ ಇಕ್ಕಳ ನೋಡಿ, "ಏನಪ್ಪಾ, ಹಕ್ಕಿಗೆ ಕಾಲುಂಗುರನಾ? ಮದುವೆ ಯಾವಾಗ ಆಯ್ತು?" ಎಂದು ನಕ್ಕಿದ್ದರು. ವಾಪಸ್ ಬಂದ ಹಕ್ಕಿಯನ್ನು ತೋರಿಸಿದೆ.

"ಕಾಲುಂಗುರ ಇನ್ನೂ ಇದೆಯಲ್ಲ!" ಎಂದರು.

ಕೈ ಬಿಚ್ಚಿದೆ. ಹಕ್ಕಿ ಪೊದೆಯೊಳಗೆ ನುಗ್ಗಿ 'ಚಕ್' ಎಂದಿತು.