ಆಟಿಕೆ ಸೈನಿಕರಿಂದ ಕೊಹಿಮಾ: ಮಲೆನಾಡಿನ ಮಣ್ಣಲ್ಲಿ ಯುದ್ಧದೃಶ್ಯ ಕಟ್ಟಿ ಫೋಟೋ ತೆಗೆಯುವುದು

ಶಿವಮೊಗ್ಗದ ಗಾಂಧಿ ಬಜಾರಿನಂಥ ಕಡೆ ಪ್ಯಾಕೆಟ್ಟಿನಲ್ಲಿ ಸಿಗುವ ಹಸಿರು ಪ್ಲಾಸ್ಟಿಕ್ ಸೈನಿಕರನ್ನು ತಂದ ಕೂಡಲೇ ಸ್ಕೇಲಿಟ್ಟು ಅಳೆಯಿರಿ. ಕಾಲಡಿಯ ತಟ್ಟೆ ಬಿಟ್ಟು, ಪಾದದಿಂದ ನೆತ್ತಿಗೆ 5 ಸೆಂ.ಮೀ. ಇದ್ದರೆ 1:35ರ (ನಿಜದ 35ನೇ ಒಂದು ಪಾಲಿನ) ಹತ್ತಿರ, 2.4 ಸೆಂ.ಮೀ. ಇದ್ದರೆ 1:72. ಸೈನಿಕರು ಅಡಗಿ ನಿಲ್ಲುವ ಗುಂಡಿಯ ಆಳ, ಮರದ ಎತ್ತರ, ಕ್ಯಾಮೆರಾ ಇಡುವ ಜಾಗ, ಮೂರೂ ಈ ಅಳತೆಯಿಂದಲೇ ಬರುತ್ತವೆ. ಎರಡು ಅಳತೆಯ ಗೊಂಬೆ ಬೆರೆಸಲೇಬೇಕಾದರೆ ಚಿಕ್ಕವನ್ನು ಹಿಂದೆ ನಿಲ್ಲಿಸಿ, ಫೋಟೋದಲ್ಲಿ ದೂರ ಇದ್ದಂತೆ ಕಾಣುತ್ತವೆ. ಪಕ್ಕಪಕ್ಕ ಇಟ್ಟರೆ ಆಟ ಕೆಟ್ಟಿತು.

ಮಲೆನಾಡಿನಲ್ಲಿ ಕೂತು ಆಫ್ರಿಕಾದ ಮರುಭೂಮಿ ಕಟ್ಟುವುದಕ್ಕಿಂತ ಎರಡನೇ ಮಹಾಯುದ್ಧದಲ್ಲಿ, 1944ರಲ್ಲಿ ಕಾಳಗ ನಡೆದ ಈಗಿನ ನಾಗಾಲ್ಯಾಂಡಿನ ಕೊಹಿಮಾ ಆರಿಸಿಕೊಳ್ಳುವುದು ಜಾಣತನ. ಗುಡ್ಡ, ಮೆಟ್ಟಿಲು ಮೆಟ್ಟಿಲಾಗಿ ಕಡಿದ ದರೆ, ಮಳೆ, ಕೆಸರು; ಬೇಕಾದ ಸಾಮಾನು ಬಹುಪಾಲು ತೋಟದಲ್ಲೇ ಇದೆ. ಅಲ್ಲಿನ ಕಾಳಗ ಏಪ್ರಿಲ್ 4ರಿಂದ ಜೂನ್ 22ರವರೆಗೆ ನಡೆಯಿತು. ಡೆಪ್ಯುಟಿ ಕಮಿಷನರ್ ಬಂಗಲೆಯ ಟೆನಿಸ್ ಅಂಕಣದ ಆಚೆ ದಡದಲ್ಲಿ ಜಪಾನೀಯರು, ಈಚೆ ದಡದಲ್ಲಿ ಬ್ರಿಟಿಷ್–ಭಾರತೀಯ ಪಡೆ. ನಡುವೆ ಕೈಬಾಂಬ್ ಎಸೆಯುವಷ್ಟೇ ದೂರ. ದೃಶ್ಯಕ್ಕೆ ಒಂದು ದಿನಾಂಕ ನಿಗದಿ ಮಾಡಿಕೊಳ್ಳಿ. ಏಪ್ರಿಲ್ ಎಂದಾದರೆ ಅಂಕಣದ ಮೇಲೆ ಟ್ಯಾಂಕ್ ಇಡಬೇಡಿ, ಅದು ಅಲ್ಲಿಗೆ ಇಳಿದದ್ದು ಮೇ 13ಕ್ಕೆ.

ಟೆನಿಸ್ ಅಂಕಣದ ನಿಜವಾದ ಅಳತೆ 23.77 ಮೀ. × 10.97 ಮೀ. 1:72ರಲ್ಲಿ ಅದು 33 × 15 ಸೆಂ.ಮೀ., ಮೇಜಿನ ಮೇಲೆ ಸಲೀಸಾಗಿ ಕೂರುತ್ತದೆ. 1:35ರಲ್ಲಿ 68 × 31 ಸೆಂ.ಮೀ., ದರೆ ಸೇರಿದರೆ ಮಂಚದಷ್ಟು ಜಾಗ ತಿನ್ನುತ್ತದೆ. ಹಾಗಾಗಿ 5 ಸೆಂ.ಮೀ. ಸೈನಿಕರು ಇದ್ದವರು ಇಡೀ ಅಂಕಣದ ಆಸೆ ಬಿಟ್ಟು ಒಂದು ಮೂಲೆ, ಒಂದು ಗುಂಡಿ, ಆರೇಳು ಜನ, ಇಷ್ಟಕ್ಕೆ ನಿಲ್ಲಿಸಿ.

ಮೊದಲು ಕ್ಯಾಮೆರಾ, ಆಮೇಲೆ ಗುಡ್ಡ

ಫೋಟೋಗೆಂದೇ ಕಟ್ಟುವ ದೃಶ್ಯಕ್ಕೆ ನಾಲ್ಕು ದಿಕ್ಕೂ ಬೇಕಿಲ್ಲ. 40 × 30 ಸೆಂ.ಮೀ.ನ 12 ಮಿ.ಮೀ. ಪ್ಲೈವುಡ್ ಮೇಲೆ ಬರಿಯ ಥರ್ಮಾಕೋಲ್ ತುಂಡುಗಳನ್ನು ಅಂಟು ಹಾಕದೆ ಜೋಡಿಸಿ, ಸೈನಿಕರನ್ನು ನಿಲ್ಲಿಸಿ, ಮೊಬೈಲನ್ನು ತಲೆಕೆಳಗು ಮಾಡಿ ಹಲಗೆಯ ಅಂಚಿಗೆ ತಾಗಿಸಿ ನೋಡಿ. ತಲೆಕೆಳಗು ಯಾಕೆಂದರೆ ಲೆನ್ಸ್ ನೆಲಕ್ಕೆ ಹತ್ತಿರ ಬರಬೇಕು: 1:35ರ ಸೈನಿಕನ ಕಣ್ಣು ನೆಲದಿಂದ 4.7 ಸೆಂ.ಮೀ. ಎತ್ತರದಲ್ಲಿದೆ, 1:72ರವನದು 2.3 ಸೆಂ.ಮೀ. ಲೆನ್ಸ್ ಅದಕ್ಕಿಂತ ಮೇಲೇರಿದಷ್ಟೂ ನೋಡುವವನು ದೈತ್ಯನಾಗುತ್ತಾನೆ, ಸೈನಿಕ ಆಟಿಕೆಯಾಗುತ್ತಾನೆ. ಚೌಕಟ್ಟಿನಲ್ಲಿ ಬೀಳದ ಜಾಗಕ್ಕೆ ಪೆನ್ಸಿಲ್ ಗೆರೆ ಹಾಕಿ. ಅಲ್ಲಿ ಕೆಲಸ ಮಾಡುವ ಅಗತ್ಯವೇ ಇಲ್ಲ. ಅರ್ಧ ಶ್ರಮ ಇಲ್ಲೇ ಉಳಿಯುತ್ತದೆ.

ಇಬ್ಬರು ನಿಲ್ಲುವ ಗುಂಡಿ ನಿಜದಲ್ಲಿ ಸುಮಾರು 1.8 ಮೀ. ಉದ್ದ, 60 ಸೆಂ.ಮೀ. ಅಗಲ. 1:35ರಲ್ಲಿ 51 × 17 ಮಿ.ಮೀ., ಎದೆಮಟ್ಟದ ಆಳ 35ರಿಂದ 40 ಮಿ.ಮೀ. ಆದ್ದರಿಂದ ತಳದ ಥರ್ಮಾಕೋಲ್ 50 ಮಿ.ಮೀ. ದಪ್ಪದ್ದೇ ಇರಲಿ. ತೆಳು ಹಾಳೆಯ ಮೇಲೆ ಗುಂಡಿ ಮಾಡಹೊರಟವರು ಕೊನೆಗೆ ಸೈನಿಕನ ಕಾಲು ಕತ್ತರಿಸಬೇಕಾಗುತ್ತದೆ. (ಗುಂಡಿಯೊಳಗಿನ ಕಾಲು ಯಾರಿಗೂ ಕಾಣುವುದಿಲ್ಲ, ಆ ಮಾತು ಬೇರೆ.)

ಥರ್ಮಾಕೋಲಿಗೆ ಬಿಳಿ ಫೆವಿಕಾಲ್ ಬಿಟ್ಟು ಬೇರೆ ಅಂಟು ಹಚ್ಚಬೇಡಿ. ರಬ್ಬರ್ ಅಂಟು ಮತ್ತು ಸ್ಪ್ರೇ ಪೇಂಟಿನ ದ್ರಾವಕ ಅದನ್ನು ಕರಗಿಸಿ ಗುಳಿ ಬೀಳಿಸುತ್ತವೆ. ಎರಡು ಅಗಲ ಹಾಳೆಗಳ ನಡುವೆ ಪೂರ್ತಿ ಬಳಿದ ಫೆವಿಕಾಲ್ ಗಾಳಿ ಸಿಗದೆ ಮಳೆಗಾಲದಲ್ಲಿ ವಾರವಾದರೂ ಹಸಿಯಾಗಿರಬಹುದು. ಗೆರೆಗೆರೆಯಾಗಿ ಹಚ್ಚಿ, ಕಡ್ಡಿಯಿಂದ ಅಲ್ಲಲ್ಲಿ ತೂತು ಮಾಡಿ. ಮೇಲಿನ ಪದರಕ್ಕೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಎರಡು ಲೋಟ, ನೀರು ಒಂದು ಲೋಟ. ನೀರಿಗೆ ಪುಡಿ ಹಾಕಬೇಕು, ಪುಡಿಗೆ ನೀರಲ್ಲ. ಆ ನೀರಿಗೆ ಮೊದಲೇ ಕಂದು ಬಣ್ಣ ಬೆರೆಸಿದರೆ ಮುಂದೆ ಚಕ್ಕೆ ಎದ್ದರೂ ಬಿಳಿ ಇಣುಕುವುದಿಲ್ಲ. ಹಳೆಯ ಚೀಲದ ಪ್ಲಾಸ್ಟರ್ ಥಂಡಿ ಎಳೆದುಕೊಂಡು ಗಟ್ಟಿಯಾಗದೆ ಪುಡಿಯುದುರುತ್ತದೆ. ಒಂದು ಕಿಲೋ ಸಾಕು, ಹೊಸದನ್ನೇ ತನ್ನಿ.

ಮಣ್ಣು, ಹಾವಸೆ, ಕೊನೆಕಡ್ಡಿ

ಜಂಬಿಟ್ಟಿಗೆ ಮಣ್ಣನ್ನು ಟೀ ಸೋಸುವ ಜರಡಿಯಲ್ಲಿ ಸೋಸಿ. ಜರಡಿಯಲ್ಲಿ ಉಳಿದ ಕಲ್ಲು 1:35ರಲ್ಲಿ ಬಂಡೆಯಾಗುತ್ತದೆ, ಅದನ್ನೂ ತೆಗೆದಿಡಿ. ಸೋಸಿದ್ದನ್ನು ಕಬ್ಬಿಣದ ಬಾಣಲೆಯಲ್ಲಿ ಹಬೆ ನಿಲ್ಲುವವರೆಗೆ ಕಾಲು ಗಂಟೆ ಹುರಿಯಿರಿ. ಹುರಿಯದ ಮಣ್ಣಲ್ಲಿ ಬೂಷ್ಟು ಬರುತ್ತದೆ, ಹುಲ್ಲಿನ ಬೀಜ ಮೊಳೆಯುತ್ತದೆ, ಇರುವೆಯೂ ಹೊರಡಬಹುದು. ನೆಲಕ್ಕೆ ಫೆವಿಕಾಲ್ ಬಳಿದು ಮಣ್ಣು ಉದುರಿಸಿ, ಒಣಗಿದ ಮೇಲೆ ಒಂದು ಪಾಲು ಫೆವಿಕಾಲಿಗೆ ಎರಡು ಪಾಲು ನೀರು, ಜೊತೆಗೆ ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಸೇರಿಸಿ ಡ್ರಾಪರಿನಿಂದ ಬಿಡಿ. ಆ ಒಂದು ಹನಿ ಮರೆತರೆ ಅಂಟುನೀರು ಕೆಸುವಿನೆಲೆಯ ಮೇಲಿನ ನೀರಿನಂತೆ ಗುಂಡಗೆ ನಿಂತು, ಮಣ್ಣನ್ನು ಹೊತ್ತುಕೊಂಡು ಉರುಳಿಹೋಗುತ್ತದೆ. ಅಂಟು ಕುಡಿದ ಮಣ್ಣು ಕಪ್ಪಾಗುತ್ತದೆ. ತಿಳಿಗಂದು ಅಕ್ರಿಲಿಕ್ ಬಣ್ಣವನ್ನು ಕುಂಚದಲ್ಲಿ ತೆಗೆದು, ಬಟ್ಟೆಗೆ ಒರೆಸಿ ಒಣಗಿಸಿ, ಉಬ್ಬುಗಳ ಮೇಲಷ್ಟೇ ಸವರಿ.

ಹಾವಸೆಯನ್ನು ನಿಮ್ಮ ಪಾಗಾರದ್ದೇ ಕೆರೆದು ನೆರಳಲ್ಲಿ ಒಣಗಿಸಿ. ಕಾಡಿಗೆ ಹೋಗಿ ಕೀಳಬೇಕಾದ್ದಿಲ್ಲ. ಒಣಗಿದರೆ ಕಂದಾಗುತ್ತದೆ ಎಂದು ಗ್ಲಿಸರಿನ್ ನೀರಲ್ಲಿ ನೆನೆಸುವ ಉಪಾಯ ಎಲ್ಲೆಡೆ ಹೇಳುತ್ತಾರೆ. ಒಣ ಸೀಮೆಗೆ ಅದು ಸರಿ. ಆಗುಂಬೆ, ಹೊಸನಗರ, ತೀರ್ಥಹಳ್ಳಿ ಕಡೆಯ ಮಳೆಗಾಲದಲ್ಲಿ ಗ್ಲಿಸರಿನ್ ಗಾಳಿಯ ನೀರನ್ನೇ ಹೀರಿ ಬೆವರುತ್ತದೆ, ಸುತ್ತಲಿನ ಅಂಟು ಸಡಿಲವಾಗುತ್ತದೆ. ಪೂರ್ತಿ ಒಣಗಿಸಿ ಹಸಿರು ಬಣ್ಣ ಹಚ್ಚುವುದೇ ನಮ್ಮ ಹವೆಗೆ ವಾಸಿ.

ಶೆಲ್ ಬಿದ್ದು ಬೋಳಾದ ಮರಗಳಿಗೆ ಅಡಿಕೆ ಬಿಡಿಸಿದ ಮೇಲೆ ಉಳಿಯುವ ಕೊನೆಕಡ್ಡಿಗಿಂತ ಒಳ್ಳೆಯದು ಅಂಗಡಿಯಲ್ಲಿ ಸಿಗುವುದಿಲ್ಲ. 15–20 ಸೆಂ.ಮೀ.ಗೆ ತುಂಡು ಮಾಡುವಾಗ ಗರಗಸ ಹಾಕದೆ ಕೈಯಿಂದಲೇ ಮುರಿಯಿರಿ, ಮುರಿದ ಬಾಯಿಂದ ನಾರು ಎಳೆದು ಸೀಳಿ. ಒಳಭಾಗಕ್ಕೆ ತಿಳಿ ಮರಬಣ್ಣ, ತುದಿಗೆ ಮಸಿ. ಸಮನಾಗಿ ಕತ್ತರಿಸಿದ ಒಂದೇ ಒಂದು ತುದಿ ಇಡೀ ಕಾಡಿನ ಮಾನ ಕಳೆಯುತ್ತದೆ. ಎತ್ತರದ ಹುಲ್ಲಿಗೆ ಅಡಿಕೆ ಸಿಪ್ಪೆಯ ನಾರು.

ಕೊಹಿಮಾದ ಮರಗಳಲ್ಲಿ ವಿಮಾನದಿಂದ ಸಾಮಾನು ಇಳಿಸಿದ ಪ್ಯಾರಾಚೂಟುಗಳು ಸಿಕ್ಕಿ ನೇತಾಡುತ್ತಿದ್ದವು. ಅಲ್ಲಿ ಕಾದಿದ ಬ್ರಿಟಿಷ್–ಭಾರತೀಯ 14ನೇ ಸೇನೆ ಸೆಣಬಿನ ಪ್ಯಾರಾಚೂಟನ್ನೂ ಬಳಸಿತ್ತು. ಮೆಡಿಕಲ್ ಶಾಪಿನ ಗಾಜ್ ಬಟ್ಟೆಯನ್ನು ಟೀ ಡಿಕಾಕ್ಷನ್ನಿನಲ್ಲಿ ಅದ್ದಿ ಒಣಗಿಸಿ, ತೆಳು ಫೆವಿಕಾಲಿನಲ್ಲಿ ನೆನೆಸಿ ರೆಂಬೆಗೆ ಇಳಿಬಿಟ್ಟರೆ ಮಡಿಕೆಗಳು ಹಾಗೇ ಗಟ್ಟಿಯಾಗುತ್ತವೆ.

ಮರಳಿನ ಚೀಲಕ್ಕೆ ಎಂ-ಸೀಲ್. 1:35ಕ್ಕೆ ಒಂದೊಂದೂ 14 × 7 × 4 ಮಿ.ಮೀ. ಒಂದೇ ಸಲ ಇಡೀ ಪ್ಯಾಕೆಟ್ ಕಲಸಬೇಡಿ, ಕಾಲು ಭಾಗ ಕಲಸಿ ಹತ್ತು ಹನ್ನೆರಡು ಚೀಲ ಮಾಡಿ, ಮೆತ್ತಗಿರುವಾಗಲೇ ಇಟ್ಟಿಗೆಯಂತೆ ಸಂದು ತಪ್ಪಿಸಿ ಪೇರಿಸಿ. ಮೇಲಿನ ಚೀಲದ ಭಾರಕ್ಕೆ ಕೆಳಗಿನದು ಕುಸಿದಂತೆ ಬೆರಳಲ್ಲಿ ಒತ್ತಿ, ಒದ್ದೆ ಗಾಜ್ ತುಂಡನ್ನು ಅದುಮಿ ನೇಯ್ಗೆಯ ಗುರುತು ಮೂಡಿಸಿ.

ಸೈನಿಕರು

ಪ್ಯಾಕೆಟ್ ಸೈನಿಕರ ತಲೆಯ ಮೇಲೆ ಸಾಮಾನ್ಯವಾಗಿ ಅಮೆರಿಕನ್ ಹೆಲ್ಮೆಟ್ ಇರುತ್ತದೆ. ಭಾರತೀಯ ಪಡೆಗೆ ಅಗಲ ಅಂಚಿನ ಬ್ರಿಟಿಷ್ ಹೆಲ್ಮೆಟ್ ಬೇಕು: ಎಂ-ಸೀಲನ್ನು ನೂಲಿನಂತೆ ಹೊಸೆದು ಅಂಚಿಗೆ ಸುತ್ತಿ, ಒಟ್ಟು ಅಗಲ 8–9 ಮಿ.ಮೀ. ಆಗುವಂತೆ ಚಪ್ಪಟೆ ಮಾಡಿ. ಪಂಜಾಬ್ ರೆಜಿಮೆಂಟಿನ ಸಿಖ್ಖರಿಗೆ ಹೆಲ್ಮೆಟ್ ಕೆರೆದು ಪೇಟ ಸುತ್ತಿ. ಬಾಗಿದ ಬಂದೂಕನ್ನು ಕುದಿಯುವುದಕ್ಕೆ ಮುಂಚಿನ ಬಿಸಿನೀರಲ್ಲಿ ಅರ್ಧ ನಿಮಿಷ ಹಿಡಿದು ನೆಟ್ಟಗೆ ಮಾಡಿ, ತಕ್ಷಣ ತಣ್ಣೀರಿಗೆ ಅದ್ದಿ. ಅಚ್ಚಿನ ಗೆರೆಗೆ ಮರಳು ಕಾಗದ ತಿಕ್ಕಿದರೆ ಮೆತ್ತನೆ ಪ್ಲಾಸ್ಟಿಕ್ ನೂಲುನೂಲಾಗಿ ಏಳುತ್ತದೆ, ಹೊಸ ಬ್ಲೇಡಿನಿಂದ ಹೆರೆಯಿರಿ.

ಪಾತ್ರೆ ಸೋಪಿನಲ್ಲಿ ತೊಳೆದು, ತೆಳು ಫೆವಿಕಾಲ್ ಒಂದು ಕೈ ಹಚ್ಚಿ, ಮೇಲೆ ಅಕ್ರಿಲಿಕ್ ಬಣ್ಣ, ಕೊನೆಗೆ ಮ್ಯಾಟ್ ವಾರ್ನಿಷ್. ಮೆತ್ತನೆ ಪಿವಿಸಿ ಮೇಲೆ ಎನಾಮೆಲ್ ಬಣ್ಣ ತಿಂಗಳಾದರೂ ಜಿಗುಟುತ್ತದೆ. ಸಮವಸ್ತ್ರ ಜಂಗಲ್ ಗ್ರೀನ್. ಕಡು ಹಸಿರಿಗೆ ಚೂರು ಕಂದು ಸೇರಿಸಿ, ಐದನೇ ಒಂದು ಪಾಲು ತಿಳಿ ಬಣ್ಣ ಬೆರೆಸಿ. ನಿಜವಾದ ಬಟ್ಟೆಯ ಬಣ್ಣವನ್ನೇ ಹಚ್ಚಿದರೆ ಇಷ್ಟು ಚಿಕ್ಕ ಗೊಂಬೆ ಕಪ್ಪಗೆ ಕಾಣುತ್ತದೆ. ಮೊಣಕಾಲಿನ ಕೆಳಗೆ ನೆಲದ್ದೇ ಮಣ್ಣಿನ ಪುಡಿ. ಫೆವಿಕ್ವಿಕ್ ಬಳಸುವುದು ಬಣ್ಣಕ್ಕೆ ಮೊದಲು ಮಾತ್ರ. ತೇವದ ಗಾಳಿಯಲ್ಲಿ ಅದರ ಆವಿ ಸುತ್ತಲೂ ಬಿಳಿ ಬೂದಿಯಂತೆ ಕೂರುತ್ತದೆ.

ದೃಶ್ಯದಲ್ಲಿ ನಿಂತ ನೀರು ತೋರಿಸಲು ಎಪಾಕ್ಸಿ ರೆಸಿನ್ (ಎರಡು ದ್ರವ ಬೆರೆಸಿದರೆ ಗಾಜಿನಂತೆ ಗಟ್ಟಿಯಾಗುವ ಅಂಟು) ಚೆನ್ನ, ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದರ ಮೇಲ್ಮೈ ಜಿಡ್ಡಾಗಿ ಮಬ್ಬಾಗುತ್ತದೆ. ಫೆಬ್ರವರಿ–ಮಾರ್ಚಿನಲ್ಲಿ 2–3 ಮಿ.ಮೀ. ಪದರಗಳಲ್ಲಿ ಸುರಿಯಿರಿ. ಮಳೆಗಾಲದಲ್ಲೇ ಮಾಡಬೇಕೆಂದರೆ ಹೊಳಪಿನ ಅಕ್ರಿಲಿಕ್ ವಾರ್ನಿಷನ್ನು ನಾಲ್ಕೈದು ಸಲ ಹಚ್ಚಿ.

ಬೆಳಕು ಮತ್ತು ಫೋಟೋ

ಮೋಡ ಕವಿದ ಮಲೆನಾಡಿನ ಬೆಳಕು ಕೊಹಿಮಾಕ್ಕೆ ಹೇಳಿ ಮಾಡಿಸಿದ್ದು. ಹಲಗೆಯನ್ನು ತಾರಸಿಯ ಅಂಚಿನಲ್ಲಿ ಸ್ಟೂಲಿನ ಮೇಲಿಟ್ಟರೆ ಹಿಂದಿನ ನಿಜವಾದ ಬೆಟ್ಟಸಾಲೇ ಪರದೆ. ದಿಗಂತ ಯಾವಾಗಲೂ ಲೆನ್ಸಿನ ಎತ್ತರಕ್ಕೇ ಬರುತ್ತದೆ. ಲೆನ್ಸ್ ಸೈನಿಕನ ಕಣ್ಣಿನ ಮಟ್ಟದಲ್ಲಿದ್ದರೆ ಸಮನೆಲದ ಸೈನಿಕರೆಲ್ಲರ ತಲೆ ದಿಗಂತಕ್ಕೆ ತಾಗಿ, ಬೆಟ್ಟ ಅವರ ಹಿಂದೆ ತನ್ನಿಂತಾನೇ ಏಳುತ್ತದೆ. ಹಲಗೆಯ ಹಿಂದಿನ ಅಂಚು ಕಾಣದಂತೆ ದರೆಯನ್ನೋ ಹುಲ್ಲನ್ನೋ ಅಡ್ಡ ತನ್ನಿ.

ಒಳಗೆ ತೆಗೆಯುವುದಾದರೆ ದೀಪ ಒಂದೇ ಇರಲಿ, ಒಂದೂವರೆ ಮೀಟರ್ ದೂರವಿರಲಿ. ಹತ್ತಿರದ ಬಲ್ಬಿನಿಂದ ಸೈನಿಕರ ನೆರಳು ಬೀಸಣಿಗೆಯಂತೆ ಹರಡುತ್ತದೆ; ಸೂರ್ಯನ ನೆರಳು ಹಾಗೆ ಬೀಳುವುದಿಲ್ಲ.

ಮೊಬೈಲಿನಲ್ಲಿ ಅಲ್ಟ್ರಾ ವೈಡ್ ಬೇಡ. 2ಎಕ್ಸ್ ಇಟ್ಟು 40–50 ಸೆಂ.ಮೀ. ಹಿಂದೆ ಸರಿಯಿರಿ, ಟೈಮರ್ ಹಾಕಿ. ಪೋರ್ಟ್ರೇಟ್ ಮೋಡ್ ಬಂದೂಕಿನ ನಳಿಕೆಯನ್ನೇ ಮಸುಕು ಮಾಡಿ ನುಂಗುತ್ತದೆ. ಡಿಎಸ್ಎಲ್ಆರ್ ಇದ್ದರೆ ಟ್ರೈಪಾಡನ್ನು ಮೇಜಿಗಿಂತ ತಗ್ಗಿಸಿ ಲೆನ್ಸನ್ನು ಹಲಗೆಯ ಮಟ್ಟಕ್ಕೆ ತನ್ನಿ; ಐಎಸ್ಒ 100, ಎಫ್/11. ಎಫ್/22ಕ್ಕೆ ಹೋದರೆ ಎಲ್ಲವೂ ಫೋಕಸಿಗೆ ಬಂದಂತೆ ಕಂಡರೂ ಒಟ್ಟು ಚಿತ್ರ ಮೆದುವಾಗುತ್ತದೆ. ಮುಂದಿನ ಸೈನಿಕನೊಬ್ಬನೇ ಸ್ಪಷ್ಟವಾಗಿ ಹಿಂದಿನವರು ಕರಗಿಹೋದರೆ ನೋಡುವವರಿಗೆ ಆಟಿಕೆ ಎಂದು ತಕ್ಷಣ ಗೊತ್ತಾಗುತ್ತದೆ. ಅದಕ್ಕೆ ಮದ್ದು ಫೋಕಸ್ ಸ್ಟ್ಯಾಕಿಂಗ್: ಎಕ್ಸ್‌ಪೋಷರ್ ಮತ್ತು ವೈಟ್ ಬ್ಯಾಲೆನ್ಸ್ ಮ್ಯಾನುಯಲ್ ಮಾಡಿ, ಮುಂದಿನಿಂದ ಹಿಂದಕ್ಕೆ ಫೋಕಸ್ ಸರಿಸುತ್ತ ಎಂಟು ಫೋಟೋ ತೆಗೆದು ಸಾಫ್ಟ್‌ವೇರಿನಲ್ಲಿ ಸೇರಿಸಿ. ಹೊರಗೆ ಗಾಳಿಗೆ ಹುಲ್ಲಿನ ನಾರು ಅಲುಗಿದರೆ ಜೋಡಣೆಯಲ್ಲಿ ಎರಡೆರಡು ಎಳೆ ಕಾಣುತ್ತದೆ, ಹಾಗಾಗಿ ಇದನ್ನು ಒಳಗೇ ಮಾಡಿ.

ಮಂಜಿಗೆ ಅಗರಬತ್ತಿಯ ಹೊಗೆಯನ್ನು ಹಲಗೆಯ ಹಿಂದೆ ರಟ್ಟಿನಿಂದ ಚದುರಿಸಿ, ಒಂದೆರಡು ಸೆಕೆಂಡಿನ ಶಟರ್ ಇಡಿ. ಕಡಿಮೆ ಇಟ್ಟರೆ ಹೊಗೆಯ ಎಳೆ ಸುರುಳಿಯಾಗಿ ಉಳಿದು ಅಗರಬತ್ತಿಯೇ ಎಂದು ತಿಳಿಯುತ್ತದೆ. ಕಿಡಿ ಥರ್ಮಾಕೋಲಿನಿಂದ ದೂರವಿರಲಿ. ತೆಗೆದ ಫೋಟೋವನ್ನು ಹಲಗೆ ಕದಲಿಸುವ ಮೊದಲೇ ಪೂರ್ತಿ ಹಿಗ್ಗಿಸಿ ನೋಡಿ: ಒಂದು ಬೆಕ್ಕಿನ ಕೂದಲು 1:35ರಲ್ಲಿ ಹಗ್ಗದಷ್ಟು ದಪ್ಪ ಕಾಣುತ್ತದೆ, ಒಣಗಿದ ಫೆವಿಕಾಲಿನ ಹೊಳಪು ಬೂಟಿನ ಸುತ್ತ ಉಳಿದಿರುತ್ತದೆ. ಕೂದಲನ್ನು ಚಿಮುಟದಿಂದ ತೆಗೆಯಿರಿ, ಹೊಳಪಿನ ಮೇಲೆ ಚಿಟಿಕೆ ಮಣ್ಣು ಉದುರಿಸಿ ಇನ್ನೊಮ್ಮೆ ಕ್ಲಿಕ್ಕಿಸಿ.