ಕಂಟ್ರೋಲರ್ ಎಣಿಸುತ್ತದೆ, ನೋಡುವುದಿಲ್ಲ: 3018 ಸಿಎನ್‌ಸಿಯಲ್ಲಿ ಜಿಆರ್‌ಬಿಎಲ್ ಜೊತೆ ನನ್ನ ಅನುಭವ

ನನ್ನದು 3018 ಚೌಕಟ್ಟಿನ ಸಿಎನ್‌ಸಿ, ಅಂದರೆ ಕಂಪ್ಯೂಟರ್ ಹೇಳಿದಂತೆ ಮರ ಕೊರೆಯುವ ಸಣ್ಣ ಯಂತ್ರ. ಆರ್ಡುಯಿನೊ ಉನೊ ಕಂಟ್ರೋಲರ್ ಬೋರ್ಡ್, ಅದರ ಮೇಲೆ ಸಿಎನ್‌ಸಿ ಶೀಲ್ಡ್ ವಿ3, ಮೋಟಾರುಗಳಿಗೆ ಕರೆಂಟ್ ಕೊಡುವ ಮೂರು ಎ4988 ಡ್ರೈವರ್, 24 ವೋಲ್ಟ್ ಪವರ್ ಸಪ್ಲೈ, ಉನೊ ಒಳಗೆ ಯಂತ್ರ ನಡೆಸುವ ತಂತ್ರಾಂಶ ಜಿಆರ್‌ಬಿಎಲ್ 1.1. ಈ ಕಂಟ್ರೋಲರಿಗೆ ಕಣ್ಣಿಲ್ಲ. ಇಷ್ಟು ಪಲ್ಸ್ ಕಳಿಸಿದೆ ಎಂದು ಎಣಿಸಿಕೊಳ್ಳುತ್ತದೆ, ಅಷ್ಟೇ. ಮೋಟಾರ್ ತಿರುಗಿತೋ ಇಲ್ಲವೋ ಅದಕ್ಕೆ ಗೊತ್ತಾಗುವುದಿಲ್ಲ. ಪರದೆಯಲ್ಲಿ ಎಕ್ಸ್ 100 ಎಂದು ಬಂದರೆ ಅದು ಲೆಕ್ಕದ 100, ಮರದ ಮೇಲಿನ 100 ಅಲ್ಲ. ಇದು ಮನಸ್ಸಿಗೆ ಇಳಿದ ಮೇಲೆ ದೋಷ ಹುಡುಕುವ ಕೆಲಸ ಅರ್ಧ ಹಗುರಾಯಿತು.

ಮೊದಲು ಮೋಟಾರಿಗೆ ಹೋಗುವ ಕರೆಂಟ್. ಎ4988ಕ್ಕೆ ಸೂತ್ರ ಇದು: ವಿರೆಫ್ (ಡ್ರೈವರ್ ಮೇಲಿನ ಸಣ್ಣ ತಿರುಪಿನಿಂದ ಇಡುವ ವೋಲ್ಟೇಜ್) = ಕರೆಂಟ್ × 8 × ಸೆನ್ಸ್ ರೆಸಿಸ್ಟರ್. ಡ್ರೈವರ್ ಮೇಲಿನ ಸಣ್ಣ ರೆಸಿಸ್ಟರುಗಳಲ್ಲಿ ಆರ್100 ಎಂದಿದ್ದರೆ 0.1 ಓಮ್, 1 ಆಂಪಿಯರಿಗೆ 0.8 ವೋಲ್ಟ್ ಇಡಬೇಕು. ಆರ್050 ಇದ್ದರೆ ಅದೇ 1 ಆಂಪಿಯರಿಗೆ 0.4 ವೋಲ್ಟ್ ಸಾಕು. ಈ ಗುರುತು ನೋಡದೆ ಯಾರೋ ಹೇಳಿದ ವೋಲ್ಟೇಜ್ ಇಟ್ಟರೆ ಮೋಟಾರಿಗೆ ಎರಡು ಪಟ್ಟು ಹೋಗುತ್ತದೆ, ಇಲ್ಲವೇ ಅರ್ಧ ಹೋಗುತ್ತದೆ. 1 ಆಂಪಿಯರ್ ದಾಟಿಸುವುದಾದರೆ ಹೀಟ್‌ಸಿಂಕ್ ಜೊತೆಗೆ ಫ್ಯಾನ್ ಕೂಡ ಬೇಕು; ಬಿಸಿಯಾದ ಡ್ರೈವರ್ ಸದ್ದಿಲ್ಲದೆ ಒಂದು ಕ್ಷಣ ನಿಂತು ಮತ್ತೆ ಶುರುವಾಗುತ್ತದೆ, ಎಣಿಕೆ ಮಾತ್ರ ಮುಂದೆ ಓಡಿರುತ್ತದೆ. ಪವರ್ ಇದ್ದಾಗ ಮೋಟಾರಿನ ಕನೆಕ್ಟರ್ ಕೀಳಬೇಡಿ, ಡ್ರೈವರ್ ಸುಡುತ್ತದೆ. ಡ್ರೈವರ್ ಕೂರಿಸುವಾಗ ಅದರ ಇಎನ್ ಪಿನ್ ಶೀಲ್ಡಿನ ಇಎನ್ ಗುರುತಿಗೇ ಬರಬೇಕು. ತಿರುವುಮುರುವಾದರೆ ಅದೂ ಸುಟ್ಟಿತೆಂದೇ ಲೆಕ್ಕ.

ಆಮೇಲೆ ಸ್ಟೆಪ್ ಲೆಕ್ಕ. 1.8 ಡಿಗ್ರಿ ಮೋಟಾರ್ ಅಂದರೆ ಸುತ್ತಿಗೆ 200 ಸ್ಟೆಪ್. ಶೀಲ್ಡಿನಲ್ಲಿ ಡ್ರೈವರ್ ಅಡಿಯ ಮೂರೂ ಜಂಪರ್ ಹಾಕಿದರೆ ಎ4988ರಲ್ಲಿ 1/16 ಮೈಕ್ರೋಸ್ಟೆಪ್, ಅಂದರೆ ಒಂದು ಸ್ಟೆಪ್ 16 ತುಂಡಾಗುತ್ತದೆ. ನನ್ನ ಸ್ಕ್ರೂ ಸುತ್ತಿಗೆ 4 ಮಿಮೀ ಸಾಗುತ್ತದೆ. 200 × 16 ÷ 4 = 800; ಅದೇ ಜಿಆರ್‌ಬಿಎಲ್ ಸೆಟ್ಟಿಂಗುಗಳಾದ $100, $101, $102ರ (ಎಕ್ಸ್, ವೈ, ಝಡ್ ಅಕ್ಷಗಳಲ್ಲಿ ಮಿಮೀಗೆ ಎಷ್ಟು ಸ್ಟೆಪ್) ಬೆಲೆ. ಸ್ಕ್ರೂ ಸುತ್ತಿಗೆ 8 ಮಿಮೀ ಸಾಗುವಂಥದ್ದಾದರೆ 400. 100 ಮಿಮೀ ಹೇಳಿದಾಗ 50 ಮಿಮೀ ಮಾತ್ರ ಸಾಗಿದರೆ $100 ತಿದ್ದಲು ಹೋಗಬೇಡಿ. ಮೊದಲು ಸ್ಕ್ರೂ, ಡ್ರೈವರ್ ಎರಡನ್ನೂ ನೋಡಿ. ಡಿಆರ್‌ವಿ8825 ಎಂಬ ಇನ್ನೊಂದು ಡ್ರೈವರ್ ಕೂರಿಸಿ ಮೂರು ಜಂಪರ್ ಹಾಗೇ ಬಿಟ್ಟರೆ ಅದು 1/32, ಹಾಗಾಗಿ ಸರಿಯಾಗಿ ಅರ್ಧವೇ ಸಾಗುತ್ತದೆ. ಅದರಲ್ಲಿ 1/16 ಬೇಕಾದರೆ ಎಂ2 ಜಂಪರ್ ಒಂದೇ ಸಾಕು. 1/32ರಲ್ಲೇ ಇಟ್ಟುಕೊಂಡರೆ ಮಿಮೀಗೆ 1600 ಸ್ಟೆಪ್. ಜಿಆರ್‌ಬಿಎಲ್ ಉನೊದಲ್ಲಿ ಸೆಕೆಂಡಿಗೆ ಸುಮಾರು 30,000 ಸ್ಟೆಪ್ ಮಾತ್ರ ಕೊಡಬಲ್ಲದು, ಅಂದರೆ ನಿಮಿಷಕ್ಕೆ 1125 ಮಿಮೀಗೆ ವೇಗ ಮುಗಿಯಿತು. ಸಣ್ಣ ಸ್ಟೆಪ್ ಇದ್ದಷ್ಟೂ ಒಳ್ಳೆಯದು ಎನ್ನುವ ಮಾತು ಇಲ್ಲಿ ನಡೆಯುವುದಿಲ್ಲ.

ಚೂರುಪಾರು ತಪ್ಪನ್ನು ಅಳೆದು ತಿದ್ದಬಹುದು: ಹೊಸ ಬೆಲೆ = ಹಳೆಯ ಬೆಲೆ × ಹೇಳಿದ ದೂರ ÷ ಸಾಗಿದ ದೂರ. ಅಳೆಯುವಾಗ ಎರಡೂ ತುದಿಗೆ ಒಂದೇ ದಿಕ್ಕಿನಿಂದ ಬರಬೇಕು. ಇಲ್ಲದಿದ್ದರೆ ನಟ್ಟಿನ ಸಡಿಲವೂ ಲೆಕ್ಕದೊಳಗೆ ಸೇರಿಕೊಳ್ಳುತ್ತದೆ. ಕೊರೆದ ವೃತ್ತ ದಿಕ್ಕು ಬದಲಿಸುವ ಕಡೆ ಚಪ್ಪಟೆಯಾಗುತ್ತಿದ್ದರೆ ಅದು ಬ್ಯಾಕ್‌ಲ್ಯಾಶ್. ಯಾವ ಡಾಲರ್ ಸಂಖ್ಯೆಯೂ ಅದನ್ನು ಸರಿಮಾಡದು, ನಟ್ ಬಿಗಿ ಮಾಡಬೇಕು.

ಕೆಲಸದ ನಡುವೆ ಕೊರೆತ ಪಕ್ಕಕ್ಕೆ ಸರಿದರೆ ನಾನು ಮೊದಲು ಹಿಡಿಯುವುದು ಮಾರ್ಕರ್ ಪೆನ್ನು. ಮೋಟಾರ್ ಶಾಫ್ಟ್, ಸ್ಕ್ರೂ, ಇವೆರಡನ್ನು ಜೋಡಿಸುವ ಕಪ್ಲರ್ ಮೂರರ ಮೇಲೂ ಹಾಯುವಂತೆ ಒಂದು ಗೆರೆ. ಕೆಲಸ ಮುಗಿದಾಗ ಗೆರೆ ಮುರಿದಿದ್ದರೆ ಕಪ್ಲರಿನ ಗ್ರಬ್ ಸ್ಕ್ರೂ ಜಾರಿದೆ. ಗೆರೆ ನೆಟ್ಟಗಿದ್ದೂ ಜಾಗ ತಪ್ಪಿದ್ದರೆ ಸ್ಟೆಪ್ ತಪ್ಪಿದೆ. ಆಗ ಬಿಟ್ ಎತ್ತಿ, ಗಾಳಿಯಲ್ಲೇ 20 ಸಲ ಹಿಂದೆ ಮುಂದೆ ಓಡಿಸಿ ಸೊನ್ನೆಗೆ ತರುತ್ತೇನೆ. ಗಾಳಿಯಲ್ಲೂ ತಪ್ಪಿದರೆ $110 ವೇಗವನ್ನು, $120 ಆಕ್ಸಿಲರೇಷನ್ನನ್ನು ಅರ್ಧಕ್ಕಿಳಿಸಿ ಮತ್ತೆ ನೋಡುವುದು. ಗಾಳಿಯಲ್ಲಿ ಸರಿಯಿದ್ದು ಮರದಲ್ಲಿ ತಪ್ಪಿದರೆ ತಪ್ಪು ಸೆಟ್ಟಿಂಗಿನದಲ್ಲ, ಕೊರೆತದ ಆಳ ಹೆಚ್ಚಾಗಿದೆ ಅಥವಾ ಬಿಟ್ ಮೊಂಡಾಗಿದೆ. ಇನ್ನೊಂದು ಗುಟ್ಟು $1. ಅದು 25 ಇದ್ದರೆ ಚಲನೆ ನಿಂತ 25 ಮಿಲಿಸೆಕೆಂಡಿನಲ್ಲಿ ಮೋಟಾರ್ ಹಿಡಿತ ಬಿಡುತ್ತದೆ, ಝಡ್ ತನ್ನ ಭಾರಕ್ಕೇ ಕೆಳಗಿಳಿಯಬಹುದು. 255 ಇಟ್ಟರೆ ಹಿಡಿತ ಬಿಡುವುದೇ ಇಲ್ಲ. ಮೋಟಾರ್ ಬಿಸಿ ಇರುತ್ತದೆ, ಇರಲಿ.

ಅಕ್ಷದ ಕೊನೆ ಮುಟ್ಟಿದ್ದನ್ನು ತಿಳಿಸುವ ಲಿಮಿಟ್ ಸ್ವಿಚ್ಚಿನದೇ ದೊಡ್ಡ ರಗಳೆ. ಶೀಲ್ಡಿನ ಹಳೆಯ 3.00 ಆವೃತ್ತಿಯಲ್ಲಿ ಝಡ್ ಸ್ವಿಚ್ಚನ್ನು 'ಝಡ್' ಎಂದು ಬರೆದ ಜಾಗಕ್ಕೆ ಹಾಕಿದರೆ ಕೆಲಸ ಮಾಡದು. ಜಿಆರ್‌ಬಿಎಲ್ 0.9ರಿಂದ 11ನೇ ಪಿನ್ ಸ್ಪಿಂಡಲ್ (ಬಿಟ್ ತಿರುಗಿಸುವ ಮೋಟಾರ್) ವೇಗಕ್ಕೆ ಹೋಯಿತು, ಝಡ್ ಲಿಮಿಟ್ 12ಕ್ಕೆ ಬಂತು. ಹಾಗಾಗಿ ಆ ವೈರು 12ಕ್ಕೆ ಸೇರಿದ ಸ್ಪಿಂಡಲ್ ಎನೇಬಲ್ ಪಿನ್ನಿಗೆ ಹೋಗಬೇಕು. ಹೋಮಿಂಗ್ (ಯಂತ್ರ ಸ್ವಿಚ್ ಮುಟ್ಟಿ ತನ್ನ ಮೂಲ ಜಾಗ ಹುಡುಕುವುದು) ಆನ್ ಮಾಡುವ ಮೊದಲು ಸ್ವಿಚ್ಚನ್ನು ಬೆರಳಲ್ಲಿ ಒತ್ತಿ '?' ಕಳಿಸಿ, ಉತ್ತರದಲ್ಲಿ 'ಪಿಎನ್' ಎಂಬುದರ ಮುಂದೆ ಆ ಅಕ್ಷದ ಅಕ್ಷರ ಕಾಣಬೇಕು. ಯಾವುದನ್ನೂ ಒತ್ತದೆ ಮೂರೂ ಕಂಡರೆ ಸ್ವಿಚ್ಚಿನ ಸಂಕೇತವನ್ನು ತಿರುವುಮುರುವು ಮಾಡುವ $5 ಸೆಟ್ಟಿಂಗ್ ಬದಲಿಸಿ: 0 ಇದ್ದರೆ 1, 1 ಇದ್ದರೆ 0.

ಸ್ಪಿಂಡಲ್ ಹಾಕಿದ ಕೂಡಲೇ 'ಅಲಾರ್ಮ್ 1' (ಹಾರ್ಡ್ ಲಿಮಿಟ್, ಅಂದರೆ ಲಿಮಿಟ್ ಸ್ವಿಚ್ ತಗುಲಿತು) ಬರುವುದು ಸ್ವಿಚ್ ಒತ್ತಿದ್ದಕ್ಕಲ್ಲ, ವೈರು ಆಂಟೆನಾ ಆಗಿದ್ದಕ್ಕೆ. ಪಿನ್ನನ್ನು 5 ವೋಲ್ಟಿನಲ್ಲಿ ಹಿಡಿದಿಡುವ ಚಿಪ್ಪಿನೊಳಗಿನ ಪುಲ್‌ಅಪ್ ರೆಸಿಸ್ಟರ್ ಬಹಳ ದುರ್ಬಲ. ನಾನು ಸ್ವಿಚ್ಚುಗಳನ್ನು ಎನ್‌ಸಿ (ಒತ್ತದಿದ್ದಾಗ ಮುಚ್ಚಿರುವ) ಸಂಪರ್ಕಕ್ಕೆ ಬದಲಿಸಿ $5=1 ಮಾಡಿದೆ, ಪ್ರತಿ ಪಿನ್ನಿನಿಂದ 5 ವೋಲ್ಟಿಗೆ 4.7 ಕಿಲೋಓಮ್, ಪಿನ್ನಿನಿಂದ ಗ್ರೌಂಡಿಗೆ 0.1 ಮೈಕ್ರೋಫ್ಯಾರಡ್ ಸೆರಾಮಿಕ್ ಕೆಪಾಸಿಟರ್ ಹಾಕಿದೆ. ಎರಡೂ ಶೀಲ್ಡಿನ ಕಡೆಯಲ್ಲೇ, ಸ್ವಿಚ್ಚಿನ ಕಡೆಯಲ್ಲಲ್ಲ. ಸ್ಪಿಂಡಲ್ ಮೋಟಾರಿನ ಎರಡು ತುದಿಗಳ ನಡುವೆಯೂ ಅಂಥದ್ದೇ ಒಂದು. $26 ಹೆಚ್ಚಿಸಿ ಎನ್ನುವವರಿದ್ದಾರೆ; ಅದು ಹೋಮಿಂಗ್ ಸಮಯದ ಕಾಯುವಿಕೆ, ಕೊರೆಯುವಾಗಿನ ಹಾರ್ಡ್ ಲಿಮಿಟ್ಟಿಗೆ ಸಂಬಂಧವಿಲ್ಲ. ಅಲಾರ್ಮಿನ ಬದಲು ಯುಎಸ್‌ಬಿಯೇ ಕಡಿದು ಹೋಗುತ್ತಿದ್ದರೆ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಒಮ್ಮೆ ಓಡಿಸಿ. ಆಗ ಸರಿಯಾದರೆ ಮನೆಯ ಅರ್ಥಿಂಗ್ ಪರೀಕ್ಷಿಸುವ ಕಾಲ ಬಂದಿದೆ.

'ಅಲಾರ್ಮ್ 2' ಸಾಫ್ಟ್ ಲಿಮಿಟ್, ಅಂದರೆ ಸೆಟ್ಟಿಂಗಿನಲ್ಲಿ ಬರೆದ ಗಡಿ ದಾಟುವ ಆಜ್ಞೆ ಬಂದಿದೆ. ಹೋಮಿಂಗ್ ಆದ ಮೇಲೆ ಯಂತ್ರದ ನಿರ್ದೇಶಾಂಕಗಳು ಮಾಮೂಲಾಗಿ ಋಣ ಸಂಖ್ಯೆಗಳೇ, ಗಾಬರಿ ಬೇಡ. ಎಕ್ಸ್ ಅಕ್ಷದ ಉದ್ದ ಹೇಳುವ $130 ಕಾರ್ಖಾನೆಯ 200ರಲ್ಲೇ ಉಳಿದಿದ್ದರೆ 300 ಮಿಮೀ ಹಾಸಿನಲ್ಲಿ ಮೂರನೇ ಒಂದು ಭಾಗ ಸುಮ್ಮನೆ ಕಳೆದುಕೊಂಡಂತೆ.

ಕರೆಂಟ್ ಹೋದಾಗ ಎಣಿಕೆ ಪೂರ್ತಿ ಅಳಿಸಿಹೋಗುತ್ತದೆ. ಜಿ10 ಎಲ್20 ಪಿ1 ಆಜ್ಞೆಯಿಂದ ಇಟ್ಟ ಜಿ54 ಸೊನ್ನೆ (ಕೆಲಸದ ಮೂಲಬಿಂದು) ಮಾತ್ರ ಚಿಪ್ಪಿನ ಅಳಿಯದ ನೆನಪಾದ ಈಪ್ರಾಮ್‌ನಲ್ಲಿ ಉಳಿಯುತ್ತದೆ. ಜಿ92ರಿಂದ ಇಟ್ಟದ್ದು ಉಳಿಯುವುದಿಲ್ಲ. ಆದ್ದರಿಂದ ಜಿ92 ಬಿಟ್ಟುಬಿಟ್ಟೆ. ಯಂತ್ರಕ್ಕೆ ಮತ್ತೆ ಪವರ್ ಕೊಡುವ ಮೊದಲೇ ಝಡ್ ಕೈಯಿಂದ ಎತ್ತಿ, ಬಿಟ್ ಮರದಿಂದ ಹೊರಗಿದೆ ಎಂದು ಖಚಿತ ಮಾಡಿಕೊಂಡು, ಪವರ್ ಕೊಟ್ಟ ಮೇಲೆ ಹೋಮಿಂಗಿಗೆ $ಎಚ್. ನಂತರ ಬಿಟ್ಟ ಸಾಲಿಗಿಂತ ಕೆಲವು ಸಾಲು ಹಿಂದಿನಿಂದ ಫೈಲ್ ಶುರು ಮಾಡುತ್ತೇನೆ, ಮೇಲೆ ಜಿ21 (ಅಳತೆ ಮಿಮೀ), ಜಿ90 (ದೂರ ಸೊನ್ನೆಯಿಂದ), ಜಿ54, ಎಂ3 (ಸ್ಪಿಂಡಲ್ ಆನ್) ಮತ್ತು ಫೀಡ್ (ಕೊರೆಯುತ್ತ ಸಾಗುವ) ವೇಗವನ್ನು ಮತ್ತೆ ಬರೆದು, ಮೊದಲು ಎತ್ತರದಲ್ಲೇ ಎಕ್ಸ್ ವೈ ಜಾಗಕ್ಕೆ ಕರೆತಂದು. ಫೀಡ್ ಮರೆತರೆ ಮೊದಲ ಜಿ1 ಸಾಲಿಗೇ 'ಎರರ್ 22' ಬರುತ್ತದೆ.